ಮಳೆಯ ಪುಸ್ತಕದಲ್ಲಿ ಬರೆದಿಟ್ಟ ಚಿಂತೆ

ಮಳೆಯ ಲೆಕ್ಕ ಬರೆದಿಡುವ ಪದ್ಧತಿ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಇದೆ. ಸುಂಟಿಕೊಪ್ಪದ ಸಮೀಪದಲ್ಲಿರುವ ನಮ್ಮ ಐದು ಎಕರೆ ತೋಟದ ಅಂಗಳದಲ್ಲಿ ಮಳೆಮಾಪಕವೊಂದಿದ್ದು, ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಅದರ ನೀರನ್ನು ಅಳೆದು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಎಂದು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತೇವೆ. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಇದೇನೂ ಅಪರೂಪದ ವಸ್ತುವಲ್ಲ. ಮೂಗಿನ ಪಕ್ಕದ ಒಂದು ಚುಕ್ಕೆ ಕ್ಯಾನ್ಸರ್ ಎಂದು ತಿಳಿದ ಆ ತಿಂಗಳುಗಳನ್ನು ನಾನು ಹೇಗೆ ಕಳೆದೆ ಎಂಬುದೂ ಅದೇ ಪುಸ್ತಕದಲ್ಲಿ ದಾಖಲಾಗಿದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಚುಕ್ಕೆ ಕಾಣಿಸಿಕೊಂಡದ್ದು ಮಳೆಗಾಲದಲ್ಲಿ. ಎಡಗಡೆಯ ಮೂಗಿನ ಹೊಳ್ಳೆ ಕೆನ್ನೆಯನ್ನು ಕೂಡುವ ಮಡಿಕೆಯಲ್ಲಿ ಕರಿಮೆಣಸಿನ ಕಾಳಿನಷ್ಟು ದೊಡ್ಡದಾದ, ಹೆಚ್ಚುಕಡಿಮೆ ಅದೇ ಬಣ್ಣದ ಗಂಟು. ಅಂಚು ಮಾತ್ರ ಮೇಣ ಸವರಿದಂತೆ ಹೊಳೆಯುತ್ತಿತ್ತು. ಗಡ್ಡ ಹೆರೆಯುವಾಗ ಬ್ಲೇಡು ತಗುಲಿ ರಕ್ತ ಬರುವುದು, ಹಕ್ಕಳೆ ಕಟ್ಟುವುದು, ವಾರದಲ್ಲಿ ಅದು ಉದುರಿ ಮತ್ತೆ ರಕ್ತ ಬರುವುದು, ಹೀಗೆಯೇ ನಡೆದಿತ್ತು. ನೋವಿಲ್ಲ, ತುರಿಕೆಯಿಲ್ಲ. ಮೊದಲು ತೋರಿಸಿದ ವೈದ್ಯರು ಸೋಂಕೆಂದು ಭಾವಿಸಿ ಮುಲಾಮು ಬರೆದುಕೊಟ್ಟರು, ನಾನು ಎರಡು ತಿಂಗಳು ನಿಷ್ಠೆಯಿಂದ ಹಚ್ಚಿದೆ. ಆ ಎರಡು ತಿಂಗಳ ಬಗ್ಗೆ ಬಹಳ ದಿನ ಸಿಟ್ಟಿತ್ತು. ಆದರೆ ನಮ್ಮಂಥ ಕಂದುಬಣ್ಣದವರ ಚರ್ಮದಲ್ಲಿ ಈ ಗಂಟು ಹೆಚ್ಚಾಗಿ ಕಪ್ಪಾಗಿಯೇ ಇದ್ದು ಮಚ್ಚೆಯಂತೆ ತೋರುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ನಾಲ್ಕು ವಾರ ಕಳೆದರೂ ಮಾಯದ ಹುಣ್ಣನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕೆಂಬ ಒಂದು ಮಾತು ನನಗೇ ಗೊತ್ತಿದ್ದಿದ್ದರೆ ಆ ಸಿಟ್ಟಿಗೆ ಅವಕಾಶವೇ ಇರುತ್ತಿರಲಿಲ್ಲ.

ಹುತ್ತರಿಗೆಂದು ಬಂದಿದ್ದ ಅಕ್ಕನ ಮಗಳು ನರ್ಸ್. ಟಾರ್ಚ್ ಹಿಡಿದು ನೋಡಿದವಳು, “ಮಾವ, ಇದು ಮಚ್ಚೆಯಲ್ಲ, ಮೈಸೂರಿಗೆ ಹೋಗಿ ತೋರಿಸಿ” ಎಂದಳು. ಕಾಫಿ ಕುಯ್ಲು ಶುರುವಾಗಿದೆ, ಕೆಲಸದವರು ಸಿಗುವುದೇ ಕಷ್ಟ ಎಂಬ ನೆಪದಲ್ಲಿ ಜನವರಿಯವರೆಗೂ ತಳ್ಳಿದೆ. ಅದು ನೆಪವೆಂಬುದು ನನಗೂ ಗೊತ್ತಿತ್ತು.

ಮೈಸೂರಿನ ತಜ್ಞರು ಬೆಳಕಿರುವ ಸಣ್ಣ ಭೂತಗನ್ನಡಿಯಂಥ ಡರ್ಮಟೋಸ್ಕೋಪನ್ನು ಗಂಟಿನ ಮೇಲಿಟ್ಟು ಒಂದು ನಿಮಿಷ ಮಾತಿಲ್ಲದೆ ನೋಡಿದರು. ಆ ಮೌನವೇ ನನಗೆ ಅರ್ಧ ಉತ್ತರ ಕೊಟ್ಟಿತು. ಅಂದೇ ಬಯಾಪ್ಸಿ ಆಯಿತು. ಚುಚ್ಚುಮದ್ದಿನ ಉರಿ ಕೆಲವು ಕ್ಷಣ, ಆಮೇಲೆ ಪೆನ್ಸಿಲ್ ಕೆತ್ತುವ ಮೆಂಡರಿನಂತೆ ಏನೋ ತಿರುಗಿದ ಒತ್ತಡ, ಅಷ್ಟೇ. 4 ಮಿಲಿಮೀಟರ್ ಅಗಲದ ತುಣುಕು ಸೀಸೆಯೊಳಗೆ ಬಿತ್ತು. ವರದಿಗೆ ಹತ್ತು ದಿನ ಎಂದರು.

ಇಡೀ ಪ್ರಸಂಗದಲ್ಲಿ ನನ್ನನ್ನು ಹಣ್ಣುಮಾಡಿದ್ದು ಆ ಹತ್ತು ದಿನಗಳೇ ಹೊರತು ಶಸ್ತ್ರಚಿಕಿತ್ಸೆಯಲ್ಲ. ಮೊಬೈಲಿನಲ್ಲಿ ‘ಚರ್ಮದ ಕ್ಯಾನ್ಸರ್’ ಎಂದು ಹುಡುಕಿದಾಗ ಬಂದದ್ದರಲ್ಲಿ ಹೆಚ್ಚಿನದು ಮೆಲನೋಮದ ವಿಷಯವಾಗಿತ್ತು. ಅದು ಬೇಗನೆ ದೇಹದ ಇತರ ಭಾಗಗಳಿಗೆ ಹರಡಬಲ್ಲ ಬೇರೆಯೇ ರೋಗವೆಂಬುದನ್ನು ಅರಿಯದೆ, ರಾತ್ರಿ ಎರಡು ಗಂಟೆಯವರೆಗೆ ಅದನ್ನೇ ನನ್ನ ರೋಗವೆಂದುಕೊಂಡು ಓದಿದೆ. ಹಗಲಿನಲ್ಲಿ ಅದರ ಫಲ ಕಾಣಿಸಿತು. ಸಂಜೆ ಹಣ್ಣು ತೂಗುವಾಗ ಒಬ್ಬಾಕೆಯ 64 ಕಿಲೋವನ್ನು ನಾನು 46 ಎಂದು ಬರೆದಿದ್ದೆ. ನಮ್ಮಲ್ಲಿ ಕೂಲಿ ಕಿಲೋ ಲೆಕ್ಕದ್ದು. ಆಕೆ ಗದ್ದಲ ಮಾಡದೆ, “ಅಣ್ಣಾ, ಇನ್ನೊಂದು ಸಲ ತೂಗಿ” ಎಂದು ಮೂಟೆಯನ್ನು ತಾನೇ ಎತ್ತಿ ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು. ಮೂವತ್ತು ವರ್ಷ ಗಣಿತ ಪಾಠ ಹೇಳಿದ ನನಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ.

ಅಂದು ರಾತ್ರಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಧೈರ್ಯದ ಮಾತು ಹೇಳಲಿಲ್ಲ, ಒಂದು ಕೆಲಸ ಹೇಳಿದಳು. ದಿನದಲ್ಲಿ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡಬೇಕು. ಹೊತ್ತೂ ಜಾಗವೂ ಬದಲಾಗಬಾರದು. ಬೇರೆ ವೇಳೆಯಲ್ಲಿ ಚಿಂತೆ ಬಂದರೆ ಅದನ್ನು ಗುರುತಿಸಿ ಆ ಅರ್ಧ ಗಂಟೆಗೆ ಮುಂದೂಡಬೇಕು. ಆ ಹೊತ್ತು ಬಂದಾಗ ಮಾತ್ರ ತಪ್ಪಿಸಿಕೊಳ್ಳದೆ ಕೂತು ಚಿಂತಿಸಬೇಕು. ಇದು ಅವಳ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಪ್ರಕಟಿಸಿದ ವಿಧಾನ. ಕೇಳಿದಾಗ ನನಗೆ ಇದು ಮಕ್ಕಳಾಟವೆನಿಸಿತು. ಆದರೂ ಸಂಜೆ ಐದು ಗಂಟೆ, ಕಾಫಿ ಒಣಹಾಕುವ ಕಣದ ಪಕ್ಕದ ಕಲ್ಲುಬೆಂಚು ಎಂದು ನಿಶ್ಚಯಿಸಿಕೊಂಡೆ. ಬರೆಯಲು ಬೇರೆ ಪುಸ್ತಕ ಹುಡುಕುವ ಶ್ರಮ ಬೇಕಾಗಲಿಲ್ಲ. ಜನವರಿಯಲ್ಲಿ ಮಳೆಯ ಪುಸ್ತಕದ ಕಾಲಮ್ಮು ಹೇಗೂ ಸೊನ್ನೆಯೇ.

ಮೊದಲ ಸಂಜೆಯ ಬರಹ ಹೀಗಿದೆ: “ಮೂಗು ಪೂರ್ತಿ ತೆಗೆಯುತ್ತಾರೆಯೇ? ಶ್ವಾಸಕೋಶಕ್ಕೆ ಹೋಗಿದೆಯೇ? ಅಮ್ಮನಿಗಿಂತ ಮೊದಲು ನಾನು ಹೋದರೆ? ಕುಯ್ಲು ಯಾರು ಮುಗಿಸುತ್ತಾರೆ? ಕೀಮೋ ಕೊಟ್ಟರೆ ಖರ್ಚೆಷ್ಟು?” ಬರೆದಾದ ಮೇಲೆ ನೋಡಿದರೆ ಐದರಲ್ಲಿ ಮೂರು ವೈದ್ಯರಿಂದ ನೇರ ಉತ್ತರ ಸಿಗಬಹುದಾದ ಪ್ರಶ್ನೆಗಳು. ಅವುಗಳ ಮುಂದೆ ‘ಕೇ’ ಎಂದು ಬರೆದೆ, ಕೇಳಬೇಕಾದದ್ದು ಎಂಬ ಅರ್ಥದಲ್ಲಿ. ಕುಯ್ಲಿನ ಮಾತು ತಮ್ಮನಿಗೆ ಒಂದು ಫೋನ್ ಮಾಡಿದರೆ ತೀರುವಂಥದು, ಮಾಡಿದೆ. ಉಳಿದದ್ದು ಅಮ್ಮನ ವಿಷಯ. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಪ್ರತಿ ಸಂಜೆಯೂ ಅದನ್ನೇ ಮತ್ತೆ ಬರೆದೆ, ಆರನೆಯ ಸಂಜೆ ಬರೆಯುವುದಕ್ಕೇ ಬೇಸರವಾಗಿ ಬರಿಯ ಗೆರೆ ಎಳೆದೆ. ರಾತ್ರಿಯ ನಿದ್ದೆ ಮಾತ್ರ ಪೂರ್ತಿ ಮರಳಲಿಲ್ಲವೆಂಬುದನ್ನೂ ಹೇಳಬೇಕು. ‘ನಾಳೆ ಐದಕ್ಕೆ’ ಎಂದು ಹೇಳಿಕೊಂಡರೆ ಕೆಲವು ರಾತ್ರಿ ಮನಸ್ಸು ಒಪ್ಪುತ್ತಿತ್ತು, ಕೆಲವು ರಾತ್ರಿ ಇಲ್ಲ. ತೀರಾ ತಾಳಲಾರದ ಒಂದು ರಾತ್ರಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಿದೆ. ಆ ಕಡೆಯವರು ಹೆಚ್ಚೇನೂ ಹೇಳಲಿಲ್ಲ, ಕೇಳಿಸಿಕೊಂಡರು.

ವರದಿ ಬಂದಾಗ ‘ಕೇ’ ಗುರುತಿನ ಪ್ರಶ್ನೆಗಳು ಹನ್ನೊಂದಾಗಿದ್ದವು. ಪುಸ್ತಕವನ್ನೇ ಹಿಡಿದುಕೊಂಡು ಹೋಗಿ ಒಂದೊಂದಾಗಿ ಓದಿದೆ, ವೈದ್ಯರು ನಗದೆ ಉತ್ತರಿಸಿದರು. ರೋಗದ ಹೆಸರು ಬೇಸಲ್ ಸೆಲ್ ಕಾರ್ಸಿನೋಮ. ಚರ್ಮದ ಹೊರಪದರದ ತಳದಲ್ಲಿರುವ ಕೋಶಗಳಿಂದ ಹುಟ್ಟುವ, ಜಗತ್ತಿನಲ್ಲಿ ಅತಿ ಸಾಮಾನ್ಯವಾದ ಚರ್ಮದ ಕ್ಯಾನ್ಸರ್. ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದು ನೂರರಲ್ಲಿ ಒಬ್ಬರಿಗೂ ಇಲ್ಲವೆನ್ನುವಷ್ಟು ಅಪರೂಪ. ಆದರೆ ಹಾಗೆಯೇ ಬಿಟ್ಟರೆ ಇದ್ದಲ್ಲಿಯೇ ಆಳಕ್ಕಿಳಿದು ಮೂಗಿನ ಮೃದ್ವಸ್ಥಿಯನ್ನೂ ತಿನ್ನುತ್ತದೆ. ಹಿಂದಿನವರು ಇದನ್ನು ಇಲಿ ಕೊರೆದಂಥ ಹುಣ್ಣು ಎಂದು ಕರೆದದ್ದು ಅದಕ್ಕಾಗಿಯೇ. ಕೀಮೋ ಬೇಕಿಲ್ಲ. ವರ್ಷಗಟ್ಟಲೆ ಬಿದ್ದ ಬಿಸಿಲು ಮುಖ್ಯ ಕಾರಣ. ಕಣದಲ್ಲಿ ಕಾಫಿ ಹರವಿ, ಗಂಟೆಗೊಮ್ಮೆ ಗೋರಿ, ಬರಿದಲೆಯಲ್ಲಿ ನಿಂತ ನನ್ನ ನಲವತ್ತು ಬೇಸಿಗೆಗಳು ನೆನಪಾದವು. “ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಬೇಡಿ, ಈ ತಿಂಗಳೇ ಮಾಡಿಸಿಕೊಳ್ಳಿ” ಎಂದರು.

ಅಮ್ಮನಿಗೆ ಹೇಳಬಾರದೆಂದು ನಾವೆಲ್ಲ ತೀರ್ಮಾನಿಸಿದ್ದೆವು, ಎಂಬತ್ತನಾಲ್ಕು ವರ್ಷದವರಿಗೇಕೆ ಈ ಹೆಸರು ಎಂದು. ಮದುವೆಯೊಂದರಲ್ಲಿ ಬೇರೆ ಯಾರೋ ಅವರ ಕೈ ಹಿಡಿದು ಸಂತಾಪ ಸೂಚಿಸಿಬಿಟ್ಟರು. ಮನೆಗೆ ಬಂದ ಅಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ತೆಗೆದರೆ ಹೋಗುತ್ತದೋ ಇಲ್ಲವೋ?” ಹೋಗುತ್ತದೆ ಎಂದೆ. “ಮತ್ತೆ ತೆಗೆಸು” ಎಂದು ಅಡುಗೆಮನೆಗೆ ಹೋದರು. ಮುಚ್ಚಿಡಲು ನಾವು ಪಟ್ಟ ಪಾಡು ವ್ಯರ್ಥವಾಗಿತ್ತು. ಅದೇ ಮದುವೆಯಲ್ಲಿ ಒಬ್ಬರು ಸೊಪ್ಪಿನ ಖಾರ ಹಚ್ಚಿ ಸುಡುವ ಔಷಧ ಹೇಳಿದ್ದರು. ಮೇಲ್ಪದರ ಸುಟ್ಟು ಒಣಗಿ ವಾಸಿಯಾದಂತೆ ಕಂಡರೂ ಕೆಳಗೆ ಉಳಿದದ್ದು ಬೆಳೆಯುತ್ತಲೇ ಇರುತ್ತದೆ ಎಂಬುದು ಹನ್ನೊಂದು ಪ್ರಶ್ನೆಗಳಲ್ಲೊಂದಕ್ಕೆ ಸಿಕ್ಕಿದ್ದ ಉತ್ತರವಾದುದರಿಂದ ವಾದ ಮಾಡದೆ ಕೈಮುಗಿದು ಬಂದೆ.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ. ಮುಖಕ್ಕೆ ಮಾತ್ರ ಮರಗಟ್ಟುವ ಮದ್ದು, ಎಚ್ಚರವಾಗಿಯೇ ಇದ್ದೆ. ಗಂಟಿನ ಸುತ್ತ ಕೆಲವು ಮಿಲಿಮೀಟರ್ ಆರೋಗ್ಯವಂತ ಚರ್ಮವನ್ನೂ ಸೇರಿಸಿ ನೇರಳೆ ಶಾಯಿಯಲ್ಲಿ ಗುರುತು ಹಾಕಿದರು. ಮೂಗಿನ ಬದಿ ಮತ್ತೆ ಮರುಕಳಿಸುವ ಸಂಭವ ಹೆಚ್ಚಿರುವ ಜಾಗವಾದ್ದರಿಂದ, ತೆಗೆದ ತುಣುಕನ್ನು ಕೂಡಲೇ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಅಂಚುಗಳನ್ನು ನೋಡುವ ಏರ್ಪಾಡು ಇತ್ತು. ಗಾಯದ ಮೇಲೆ ಹತ್ತಿಬಟ್ಟೆಯಿಟ್ಟು ನನ್ನನ್ನು ಕಾಯಿಸಿದರು. ಮುಕ್ಕಾಲು ಗಂಟೆಯ ನಂತರ ಬಂದ ಸುದ್ದಿ, ಕೆನ್ನೆಯ ಕಡೆಯ ಅಂಚಿನಲ್ಲಿ ಇನ್ನೂ ಇದೆ ಎಂಬುದು. ಎದೆ ಧಸಕ್ಕೆಂದಿತು. ಆಗ ಸಮಯ ಬೆಳಿಗ್ಗೆ ಹನ್ನೊಂದೂವರೆ, ಸಂಜೆ ಐದಕ್ಕೆ ಮುಂದೂಡುವ ಶಿಸ್ತು ಆ ಮೇಜಿನ ಮೇಲೆ ಯಾವ ಉಪಯೋಗಕ್ಕೂ ಬರಲಿಲ್ಲ. ಬದಲಿಗೆ ಗಡಿಯಾರದ ಸೆಕೆಂಡ್ ಮುಳ್ಳಿಗೆ ಸರಿಯಾಗಿ ಹದಿನೇಳರ ಮಗ್ಗಿ ಹೇಳಿಕೊಂಡೆ. ಎರಡನೆಯ ಸಲ ಆ ಬದಿಯಿಂದ ಮಾತ್ರ ಇನ್ನಷ್ಟು ತೆಗೆದರು. ಈ ಬಾರಿ ಎಲ್ಲ ಅಂಚೂ ಶುದ್ಧವಾಗಿದೆ ಎಂದು ಬಂತು. ಕೆನ್ನೆಯ ಮಡಿಕೆಯ ಚರ್ಮವನ್ನೇ ಸರಿಸಿ ಗಾಯ ಮುಚ್ಚಿ ಹೊಲಿದರು. ಏಳನೆಯ ದಿನ ಹೊಲಿಗೆ ಬಿಚ್ಚಿದರು.

ಎಲ್ಲರೂ ‘ಮುಗಿಯಿತಲ್ಲ’ ಎಂದ ಮೇಲೆಯೇ ನನ್ನ ಚಿಂತೆ ಇನ್ನೊಂದು ರೂಪದಲ್ಲಿ ಬಂತು. ಕೈಯ ಮೇಲಿನ ಸುಟ್ಟಕಲೆ, ಕತ್ತಿನ ನರುಳ್ಳೆ, ಬೆನ್ನಿನಲ್ಲಿ ಸೊಳ್ಳೆ ಕಚ್ಚಿದ್ದು, ಕಂಡದ್ದೆಲ್ಲ ಕ್ಯಾನ್ಸರಾಗತೊಡಗಿತು. ದಿನಕ್ಕೆ ಹತ್ತು ಸಲ ಕನ್ನಡಿ. ಒಮ್ಮೆ ಬಂದವರಿಗೆ ಹೊಸದೊಂದು ಏಳುವ ಸಂಭವ ಹೆಚ್ಚೆಂಬುದು ನಿಜವಾದುದರಿಂದ ನೋಡಲೇಬೇಡ ಎನ್ನುವಂತೆಯೂ ಇರಲಿಲ್ಲ. ಆದ್ದರಿಂದ ನೋಡುವುದಕ್ಕೂ ದಿನ ಗೊತ್ತುಮಾಡಿಕೊಂಡೆ: ಪ್ರತಿ ತಿಂಗಳ ಒಂದನೆಯ ತಾರೀಕು, ಹಿಂದಿನ ತಿಂಗಳ ಮಳೆಯ ಮೊತ್ತ ಕೂಡಿಸಿದ ಮೇಲೆ, ಬಾಗಿಲ ಬಳಿಯ ಬೆಳಕಿನಲ್ಲಿ ಹೆಂಡತಿ ಬೆನ್ನು ಕಿವಿಗಳನ್ನೂ ನಾನು ಉಳಿದದ್ದನ್ನೂ ನೋಡುತ್ತೇವೆ. ಉಳಿದ ದಿನಗಳಲ್ಲಿ ಕನ್ನಡಿ ಗಡ್ಡಕ್ಕೆ ಮಾತ್ರ. ಅಗಲ ಅಂಚಿನ ಟೋಪಿಯಿಲ್ಲದೆ ಕಣಕ್ಕೆ ಇಳಿಯುವುದಿಲ್ಲ. ಎಸ್‌ಪಿಎಫ್ 30ರ ಕ್ರೀಮು ಹಚ್ಚುತ್ತೇನೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದನ್ನು ಮಾತ್ರ ಆಗಾಗ ಮರೆಯುತ್ತೇನೆ.

ಮಾರ್ಚ್ ಎರಡನೆಯ ವಾರದ ಪುಟದಲ್ಲಿ ಹೂಮಳೆ 1 ಇಂಚು 12 ಸೆಂಟು ಎಂದಿದೆ, ಅಂದಿನಿಂದ ಕಾಲಮ್ಮು ಮಳೆಗೇ ಬೇಕಾಯಿತು. ಐದು ಗಂಟೆಗೆ ಬೆಂಚಿನ ಮೇಲೆ ಈಗಲೂ ಕೂರುತ್ತೇನೆ, ಹೆಚ್ಚಾಗಿ ಕಾಫಿ ಕುಡಿಯುವುದಕ್ಕೆ. ಆರು ತಿಂಗಳ ತಪಾಸಣೆಯ ದಿನ ಕೈಲ್ ಮುಹೂರ್ತದ ಹಬ್ಬಕ್ಕೇ ಬಿದ್ದಿತ್ತು, ಅದನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸಿಕೊಂಡಿದ್ದೇನೆ. ಪುಸ್ತಕದಲ್ಲಿ ‘ಕೇ’ ಗುರುತಿನ ಪ್ರಶ್ನೆಗಳು ಸದ್ಯಕ್ಕೆ ಎರಡಿವೆ.