ಸೊಲ್ಲಾಪುರ ಕೋರ್ಟಿನ ಕಾಗದ ಧಾರವಾಡದಲ್ಲಿ ನಡೆಯಬೇಕೇ?

ಹುಬ್ಬಳ್ಳಿಯ ಹಿರಿಯರೊಬ್ಬರು ಸೊಲ್ಲಾಪುರದ ಕೋರ್ಟಿನ ಆಸ್ತಿ ತೀರ್ಪನ್ನು ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. "ಹಾಳಾಗಬಾರದಲ್ರೀ ವಕೀಲ್ರ" ಎಂದರು. ನೋಡಿದರೆ ಝೆರಾಕ್ಸ್, ಅದರ ಮೇಲೆ ನೋಟರಿ ಸಿಕ್ಕಾ. ಪಾಪ, ಮತ್ತೊಮ್ಮೆ ಸೊಲ್ಲಾಪುರದ ಬಸ್ಸು ಹತ್ತಬೇಕಾಯಿತು.

ಮೊದಲು, ತೀರ್ಪು ಕೊಟ್ಟ ಕೋರ್ಟಿನ ನಕಲು ವಿಭಾಗಕ್ಕೆ ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟೇ ದೃಢೀಕರಿಸಿದ ನಕಲು, ಬೇಕೆಂದು ಅರ್ಜಿ ಹಾಕಿ. ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ, ಅಂದರೆ 16 ಅಕ್ಷರ-ಅಂಕಿಯ ಸಿಎನ್‌ಆರ್ ಸಂಖ್ಯೆ ಬರೆದರೆ ಕಡತ ಬೇಗ ಸಿಗುತ್ತದೆ. ವೆಬ್‌ಸೈಟಿನ ಪ್ರಿಂಟು ಓದಿಕೊಳ್ಳಲಿಕ್ಕಷ್ಟೇ.

ಸರ್ಟಿಫೈಡ್ ಕಾಪಿ ಕೈಗೆ ಬಂದ ಕೂಡಲೇ ಕಿಟಕಿ ಬಿಟ್ಟು ಹೊರಡಬೇಡಿ. ತೀರ್ಪು ಆಮೇಲೆ ಓದಿ, ಮೊದಲು ಕೊನೆಯ ಪುಟ ತಿರುವಿ. 'ಟ್ರೂ ಕಾಪಿ' ಎಂಬ ಒಕ್ಕಣೆ, ಅದರ ಕೆಳಗೆ ತಾರೀಖು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಕೋರ್ಟಿನ ಸಿಕ್ಕಾ ಇರಬೇಕು. ಬರೀ ಗೀಚಿದ ಸಹಿ ಇದ್ದು ಹೆಸರು-ಹುದ್ದೆ ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ. ಪುಟ ಎಣಿಸಿ. ಸಿಕ್ಕಾ ಅರ್ಧ ಮೂಡಿದ್ದರೆ ಇನ್ನೊಮ್ಮೆ ಒತ್ತಲು ಕೇಳಿ, ಸಂಕೋಚ ಬೇಡ. ಪಿನ್ನು ಬಿಚ್ಚಿ ಝೆರಾಕ್ಸ್ ತೆಗೆಸಬೇಡಿ. ಪುಟ ಬದಲಾಯಿತೇ ಎಂಬ ಅನುಮಾನಕ್ಕೆ ಅಷ್ಟು ಸಾಕು. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿನ ಕೆಳಗೆ ಮಸಿ ಯಾವುದು, ಝೆರಾಕ್ಸ್ ಯಾವುದು ಗೊತ್ತಾಗುವುದಿಲ್ಲ. ದಪ್ಪ ಕಾಗದದ ಫೈಲು ಸಾಕು.

ಕಾಗದ ಮರಾಠಿಯಲ್ಲಿದ್ದರೆ ಅನುವಾದ ಮಾಡಿಸಿ. ಸಿಕ್ಕಾದ ಅಕ್ಷರ, ಅಂಚಿನ ಕೈಬರಹವನ್ನೂ ಬಿಡಬಾರದು. ಮೊಬೈಲ್ ಆ್ಯಪಿನ ಅನುವಾದ ನನಗಂತೂ ತರಬೇಡಿ.

ಡಿಕ್ರಿ, ಅಂದರೆ ತೀರ್ಪಿನ ಮೇಲೆ ಕೋರ್ಟು ಹೊರಡಿಸುವ ಆದೇಶ, ಜಾರಿ ಮಾಡಿಸುವುದಿದ್ದರೆ ನಕಲು ಹಿಡಿದು ನೇರವಾಗಿ ಇಲ್ಲಿಗೆ ಬಂದರೆ ಆಗದು. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 39ನೇ ಕಲಂ ಪ್ರಕಾರ ಅಲ್ಲಿನ ಕೋರ್ಟೇ ಡಿಕ್ರಿಯನ್ನು ಇಲ್ಲಿಗೆ ಕಳಿಸಬೇಕು. ಎಷ್ಟು ವಸೂಲಾಗಿದೆ, ಎಷ್ಟು ಬಾಕಿ ಎಂಬ ಪ್ರಮಾಣಪತ್ರವೂ ಜೊತೆಗೆ ಬರಬೇಕು. ಜಾಸ್ತಿ ಜನ ಇದನ್ನೇ ಮರೆಯುತ್ತಾರೆ.

ವಿದೇಶದ್ದಾದರೆ? ಅಪೊಸ್ಟೀಲ್ ಎಂದರೆ ಕಾಗದದ ಸಹಿ-ಸಿಕ್ಕಾ ಅಸಲಿ ಎಂದು ಆ ದೇಶದ ಸರ್ಕಾರ ಹಚ್ಚುವ ಚೀಟಿ; ಅದರ ಒಪ್ಪಂದದ ದೇಶವಾದರೆ ಆ ಚೀಟಿ ಹಚ್ಚಿಸಿ. ಭಾರತದಲ್ಲಿ ಇದು 2005ರಿಂದ ಜಾರಿಯಲ್ಲಿದೆ. ಆದರೆ ಅದು ಸಹಿ-ಸಿಕ್ಕಾ ಖರೆ ಎನ್ನುತ್ತದೆಯೇ ಹೊರತು ತೀರ್ಪು ಸರಿ ಎನ್ನುವುದಿಲ್ಲ. ಎದುರಿನವರಿಗೆ ನೋಟಿಸೇ ಮುಟ್ಟಿಸದೆ ತಂದ ವಿಚ್ಛೇದನ ವಿದೇಶಿ ತೀರ್ಪು ಯಾವಾಗ ನಡೆಯದು ಎಂದು ಹೇಳುವ ಸಿಪಿಸಿ 13ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಹಣದ ಡಿಕ್ರಿ ಬ್ರಿಟನ್, ಸಿಂಗಪುರ, ಯುಎಇಯಲ್ಲಿ ಭಾರತ ಸರ್ಕಾರ ಅಧಿಸೂಚಿಸಿದ ಕೋರ್ಟಿನದಾದರೆ 44ಎ ಕಲಮಿನಡಿ ಜಿಲ್ಲಾ ಕೋರ್ಟಿನಲ್ಲೇ ಜಾರಿಗೆ ಹಾಕಬಹುದು. ಅಮೆರಿಕದ್ದಾದರೆ ಆ ತೀರ್ಪಿನ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು, ಅದೂ ತೀರ್ಪಿನ ದಿನದಿಂದ 3 ವರ್ಷದೊಳಗೆ.