ಮೂವತ್ತನಾಲ್ಕು ಸ್ವಿಚ್, ಒಂದೇ ಪಾಸ್‌ವರ್ಡ್

ನಾನು ಕೆಲಸಕ್ಕೆ ಸೇರಿದಾಗ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ 34 ಸಿಸ್ಕೊ ಸ್ವಿಚ್‌ಗಳಿದ್ದವು, ಅಂದರೆ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳು. ಪಾಸ್‌ವರ್ಡ್ ಮಾತ್ರ ಎಲ್ಲಕ್ಕೂ ಒಂದೇ. ಲ್ಯಾಬ್ ಸಹಾಯಕರಿಗೆ, ಕೇಬಲ್ ಎಳೆಯಲು ಬರುವ ಹುಡುಗರಿಗೆ, ಕೆಲಸ ಬಿಟ್ಟುಹೋದವರಿಗೂ ಅದು ಬಾಯಿಪಾಠ. ಒಂದು ಸೋಮವಾರ ಗ್ರಂಥಾಲಯದ ಪೋರ್ಟ್‌ಗಳ (ಕೇಬಲ್ ಚುಚ್ಚುವ ಕಿಂಡಿಗಳ) ವಿಲ್ಯಾನ್, ಅಂದರೆ ಅವು ಸೇರಿದ ನೆಟ್‌ವರ್ಕ್ ವಿಭಾಗ, ಬದಲಾಗಿತ್ತು. ಲಾಗ್ ತೆಗೆದು ನೋಡಿದರೆ ‘ಕಾನ್ಫಿಗರ್ಡ್ ಫ್ರಮ್ ಕನ್ಸೋಲ್ ಬೈ ವಿಟಿವೈ0’ ಎಂದಿತ್ತೇ ಹೊರತು ಯಾರ ಹೆಸರೂ ಇರಲಿಲ್ಲ. ವಿಟಿವೈ ಎಂದರೆ ದೂರದಿಂದ ಲಾಗಿನ್ ಆಗುವ ಲೈನ್. ಲೈನ್ ಪಾಸ್‌ವರ್ಡ್‌ನಲ್ಲಿ ಒಳಬಂದವರಿಗೆ ಹೆಸರೇ ಇರುವುದಿಲ್ಲ, ಸ್ವಿಚ್ ತಾನೇ ಯಾರ ಹೆಸರು ಬರೆದೀತು? ಎಲ್ಲರನ್ನೂ ಕೇಳಿದೆ. ಯಾರೂ ಮಾಡಿರಲಿಲ್ಲ!

ಅವತ್ತೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್‌ನೇಮ್ ಮಾಡಲು ಕುಳಿತೆ. ಹಳೆಯ ಕಾನ್ಫಿಗರೇಷನ್‌ನಲ್ಲಿದ್ದದ್ದು ಟೈಪ್ 7 ಪಾಸ್‌ವರ್ಡ್. ನೋಡಲು ಗೂಢಲಿಪಿಯ ಹಾಗಿರುತ್ತದೆ, ಆದರೆ ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಆದ್ದರಿಂದ ‘ಪಾಸ್‌ವರ್ಡ್’ ಎಂಬ ಪದ ಕೈಬಿಟ್ಟು, ಹಾಗೆ ತಿರುಗಿಸಿ ಬಿಡಿಸಲಾಗದಂತೆ ಉಳಿಸುವ ‘ಸೀಕ್ರೆಟ್’ ಬಳಸಿದೆ. ಹೊಸ ಸ್ವಿಚ್‌ಗಳಲ್ಲಿ ಟೈಪ್ 9 ಸಿಕ್ಕಿತು. ಹಳೆಯವುಗಳಲ್ಲಿ ಅದಕ್ಕಿಂತ ದುರ್ಬಲವಾದ ಟೈಪ್ 5ಕ್ಕೇ ತೃಪ್ತಿಪಡಬೇಕಾಯಿತು. ದೂರದಿಂದ ಟೈಪ್ ಮಾಡಿದ್ದನ್ನೆಲ್ಲ ಬಯಲಾಗಿ ಕಳಿಸುವ ಟೆಲ್ನೆಟ್ ನಿಲ್ಲಿಸಿ, 2048 ಬಿಟ್‌ನ ಆರ್‌ಎಸ್‌ಎ ಎಂಬ ಗೂಢಲಿಪಿ ಕೀ ಮಾಡಿ, ಅದನ್ನೆಲ್ಲ ಗುಟ್ಟಾಗಿ ಕಳಿಸುವ ಎಸ್‌ಎಸ್‌ಎಚ್ ಹಾಕಿದೆ. ನನಗಿಂತ ಮುಂಚೆ ಇದ್ದವರು ವಿಟಿವೈ 0ರಿಂದ 4ರವರೆಗೆ ಬೀಗ ಹಾಕಿ, 5ರಿಂದ 15ರವರೆಗಿನ ಲೈನ್‌ಗಳನ್ನು ಹಾಗೇ ಬಿಟ್ಟಿದ್ದರು. ಮುಂಬಾಗಿಲಿಗೆ ಚಿಲಕ, ಹಿತ್ತಲ ಬಾಗಿಲು ಹಾರುಹೊಡೆದಂತೆ.

ಎಡವಿದ್ದು ‘ಎಎಎ ನ್ಯೂ-ಮಾಡೆಲ್’ ಕೊಟ್ಟಾಗ. ಯಾರು ಒಳಬರಬಹುದು, ಏನು ಮಾಡಬಹುದು ಎಂಬುದನ್ನು ನೋಡಿಕೊಳ್ಳುವ ವ್ಯವಸ್ಥೆಯೇ ಎಎಎ. ಈ ಕಮಾಂಡ್‌ಗೆ ಎಂಟರ್ ಒತ್ತಿದ ಕ್ಷಣದಿಂದಲೇ ದೂರದಿಂದ ಹೊಸದಾಗಿ ಬರುವ ಪ್ರತಿ ಲಾಗಿನ್‌ಗೂ ಸ್ವಿಚ್ಚಿನೊಳಗಿನ ಯೂಸರ್‌ನೇಮ್ ಬೇಕು. ಹಾಸ್ಟೆಲ್ ಬ್ಲಾಕಿನ ಒಂದು ಸ್ವಿಚ್‌ನಲ್ಲಿ ಯೂಸರ್ ಮಾಡುವುದನ್ನೇ ಮರೆತು, ಇದನ್ನು ಕೊಟ್ಟು, ಪರದೆಯ ಮೇಲಿನ ಲಾಗಿನ್ ಕಿಟಕಿ ಮುಚ್ಚಿಬಿಟ್ಟೆ. ಸೇವ್ ಮಾಡಿರಲಿಲ್ಲ, ಅದೇ ಪುಣ್ಯ. ಹೋಗಿ ಪ್ಲಗ್ ಕಿತ್ತು ಮತ್ತೆ ಹಾಕಿದ ಮೇಲೆ ಹಳೆಯ ಸ್ಥಿತಿಗೆ ಬಂತು. ಅಂದಿನಿಂದ ಏನೇ ಮುಟ್ಟುವ ಮುಂಚೆ ‘ರೀಲೋಡ್ ಇನ್ 10’ ಕೊಡುತ್ತೇನೆ. ಬಾಗಿಲು ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗುತ್ತದೆ. ಸರಿಹೋದರೆ ರದ್ದು ಮಾಡಿ ಸೇವ್ ಮಾಡುತ್ತೇನೆ. ಇನ್ನೊಂದು ಬೆಳಗ್ಗೆ ಪೂರ್ತಿ ಹಾಳಾದದ್ದು ಬೇರೆ ಕಾರಣಕ್ಕೆ: ಯೂಸರ್‌ಗೆ ಎಲ್ಲ ಹಕ್ಕೂ ಇರುವ 15ನೇ ಹಂತ ಕೊಟ್ಟಿದ್ದರೂ ಒಳಬಂದಾಗ 1ರಲ್ಲೇ ನಿಲ್ಲುತ್ತಿದ್ದ. ಎಎಎ ಬಂದ ಮೇಲೆ ‘ಎಕ್ಸೆಕ್ ಆಥರೈಸೇಷನ್’ ಸಾಲನ್ನೂ ಸೇರಿಸದಿದ್ದರೆ ಯೂಸರ್‌ಗೆ ಬರೆದ ಹಂತವನ್ನು ಸ್ವಿಚ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಲ್ಯಾಬ್ ಸಹಾಯಕರು ಬಂದು, “ಸರ್, ಒಂದು ಪೋರ್ಟ್ ಆಫ್ ಆನ್ ಮಾಡೋಕೂ ನಿಮ್ಮನ್ನೇ ಕಾಯ್ಬೇಕಾ?” ಅಂದರು. ನ್ಯಾಯದ ಮಾತೇ. ಸಿಸ್ಕೊದಲ್ಲಿ 0ರಿಂದ 15ರವರೆಗೆ ಹಂತಗಳಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವುದು 1 ಮತ್ತು 15 ಮಾತ್ರ. ನಾನು 5ನೇ ಹಂತ ಆರಿಸಿ, ಇಂಟರ್‌ಫೇಸ್ ಒಳಗೆ ಹೋಗುವ, ಶಟ್‌ಡೌನ್ ಮಾಡುವ, ‘ಶೋ ರನ್ನಿಂಗ್-ಕಾನ್ಫಿಗ್’ ನೋಡುವ ಹಕ್ಕುಗಳನ್ನು ಅದಕ್ಕೆ ಇಳಿಸಿದೆ.

ಮರುದಿನವೇ ಲ್ಯಾಬ್ ಸಹಾಯಕರ ಫೋನ್. “ಸರ್, ಸ್ವಿಚ್‌ನಲ್ಲಿ ಕಾನ್ಫಿಗರೇಷನ್ ಎಲ್ಲಾ ಅಳಿಸಿಹೋಗಿದೆ ಸರ್!” ಓಡಿಹೋಗಿ ನೋಡಿದರೆ ಎಲ್ಲವೂ ಸರಿಯಾಗೇ ಇತ್ತು. ನೋಡುವವರ ಹಂತದಲ್ಲಿ ಬದಲಿಸಲು ಸಾಧ್ಯವಿರುವ ಸಾಲುಗಳನ್ನಷ್ಟೇ ಆ ಕಮಾಂಡ್ ತೋರಿಸುತ್ತದೆ, ಹಾಗಾಗಿ ಅವರಿಗೆ ಹೆಚ್ಚುಕಡಿಮೆ ಖಾಲಿ ಪುಟ ಕಂಡಿತ್ತು.

ಅದು ನಗುವ ಪ್ರಸಂಗ. ಮುಂದಿನದು ಅಲ್ಲ. ಅವರು 4ನೇ ಪೋರ್ಟ್ ಶಟ್ ಮಾಡಲು ಹೋಗಿ 24 ಅಂತ ಟೈಪ್ ಮಾಡಿದರು. 24 ಅಪ್‌ಲಿಂಕ್, ಅಂದರೆ ಇಡೀ ಸ್ವಿಚ್ಚನ್ನು ಉಳಿದ ನೆಟ್‌ವರ್ಕ್‌ಗೆ ಜೋಡಿಸುವ ಪೋರ್ಟ್. ಲ್ಯಾಬಿಗೆ ಲ್ಯಾಬೇ ಕತ್ತಲು, ದೂರದಿಂದ ಸ್ವಿಚ್ ಮುಟ್ಟುವಂತೆಯೂ ಇಲ್ಲ. ಸ್ವಿಚ್‌ಗೆ ನೇರವಾಗಿ ಚುಚ್ಚುವ ತಿಳಿನೀಲಿ ಕನ್ಸೋಲ್ ಕೇಬಲ್ ಹಿಡಿದು ಏಣಿ ಹತ್ತಿದೆ. ಅವರನ್ನು ಬೈಯಲು ಮನಸ್ಸಾಗಲಿಲ್ಲ, ತಪ್ಪು ನನ್ನದೇ. ಯಾವ ಕಮಾಂಡ್ ಎಂಬುದಷ್ಟೇ ಹಂತಕ್ಕೆ ಗೊತ್ತು. ಯಾವ ಪೋರ್ಟ್ ಮೇಲೆ ಎಂಬುದು ಅದಕ್ಕೆ ಗೊತ್ತಿಲ್ಲ.

ಮೂಲೆಗೆ ಬಿದ್ದಿದ್ದ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಲಾಗಿನ್ ಮತ್ತು ಹಕ್ಕುಗಳನ್ನು ಒಂದೇ ಕಡೆಯಿಂದ ನಿರ್ಧರಿಸುವ ಟ್ಯಾಕಾಕ್ಸ್ ಪ್ಲಸ್ ಸರ್ವರ್ ಶುರು ಮಾಡಿದ್ದು ಇದಕ್ಕಾಗಿಯೇ. ಇಂಥದ್ದೇ ಇನ್ನೊಂದು ವ್ಯವಸ್ಥೆ ರೇಡಿಯಸ್ ಆದರೆ ಲಾಗಿನ್ ಹೊತ್ತಿನಲ್ಲೇ ಹಕ್ಕು ಹೇಳಿ ಮುಗಿಸುತ್ತದೆ. ಟ್ಯಾಕಾಕ್ಸ್ ಪ್ಲಸ್‌ನಲ್ಲಿ ಪ್ರತಿ ಕಮಾಂಡ್‌ಗೂ ಸ್ವಿಚ್ ಸರ್ವರನ್ನು ಕೇಳುವಂತೆ ಮಾಡಬಹುದು, ಪೋರ್ಟ್ ಸಂಖ್ಯೆಯೂ ಆ ಪ್ರಶ್ನೆಯೊಳಗೇ ಹೋಗುತ್ತದೆ. 5ನೇ ಹಂತದ ಸಾಲುಗಳನ್ನೆಲ್ಲ ತೆಗೆದು, ಲ್ಯಾಬ್ ಸಹಾಯಕರಿಗೆ 1ರಿಂದ 20ರವರೆಗಿನ ಪೋರ್ಟ್‌ಗಳನ್ನು ಮಾತ್ರ ಬಿಟ್ಟುಕೊಟ್ಟೆ.

ಸರ್ವರ್ ಸತ್ತರೆ? ಅದಕ್ಕೇ ಲಾಗಿನ್‌ಗೆ ಯಾರನ್ನು ಕೇಳಬೇಕೆಂಬ ಪಟ್ಟಿಯ ಕೊನೆಗೆ ‘ಲೋಕಲ್’, ಅಂದರೆ ಸ್ವಿಚ್ಚಿನೊಳಗಿನ ಯೂಸರ್, ಎಂದು ಸೇರಿಸಿದ್ದೇನೆ. ಸರ್ವರ್ ಉತ್ತರಿಸದಿದ್ದಾಗ ಮಾತ್ರ ಅದರ ಸರದಿ ಬರುತ್ತದೆ. ಸರ್ವರ್ ಬದುಕಿದ್ದು ‘ಇಲ್ಲ’ ಎಂದರೆ ಇಲ್ಲವೇ. ಆ ಲೋಕಲ್ ಯೂಸರ್‌ನ ಪಾಸ್‌ವರ್ಡ್ ಅರಗು ಹಚ್ಚಿದ ಲಕೋಟೆಯಲ್ಲಿ ಪ್ರಿನ್ಸಿಪಾಲರ ಬೀರುವಿನಲ್ಲಿದೆ.

ಇಷ್ಟಾದರೂ ಕ್ಯಾಂಟೀನ್ ಕಡೆಯ ಎರಡು ಅಗ್ಗದ ಸ್ವಿಚ್‌ಗಳು ಈ ವ್ಯವಸ್ಥೆಗೆ ಬಂದಿಲ್ಲ. ಅವಕ್ಕಿರುವುದು ಬ್ರೌಸರ್ ಪುಟ ಮತ್ತು ಒಬ್ಬನೇ ಅಡ್ಮಿನ್. ಯಾರಾದರೂ ಕೆಲಸ ಬಿಟ್ಟಾಗಲೆಲ್ಲ ನಾನೇ ಕುಳಿತು ಅವುಗಳ ಪಾಸ್‌ವರ್ಡ್ ಬದಲಿಸುತ್ತೇನೆ.