ಹೊಸ ಗಾಯಕರನ್ನು ಬೆಳೆಸುವುದು ಹೇಗೆ: ಎಮ್ಮಿಲೂ ಹ್ಯಾರಿಸ್ ಹಿಡಿದ ದಾರಿ

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಹೆಸರು ಮಾಡಿದ ಗಾಯಕರು ಹೊಸಬರಿಗೆ ನೆರವಾಗಲು ಹೊರಟಾಗ ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ, ಇಲ್ಲವೇ ಯಾರಿಗಾದರೂ ಪರಿಚಯ ಮಾಡಿಸುತ್ತಾರೆ. ಎರಡೂ ಒಳ್ಳೆಯದೇ, ಆದರೆ ಎರಡರ ಪ್ರಯೋಜನವೂ ಬೇಗ ಮುಗಿಯುತ್ತದೆ. ಹೊಸಬರಿಗೆ ಮುಖ್ಯವಾಗಿ ಬೇಕಾಗಿರುವುದು ಸಂಭಾವನೆ ಬರುವ ಕೆಲಸ, ತಮ್ಮ ಹಾಡಿಗೆ ಒಂದು ಪ್ರಸಿದ್ಧ ಕಂಠ ಮತ್ತು ಕಾಲ ಬಂದಾಗ ಮುನಿಸಿಲ್ಲದೆ ಹೊರಡುವ ಅವಕಾಶ. ಇದನ್ನು ಮಾಡಿ ತೋರಿಸಿದವರಲ್ಲಿ ಗಾಯಕಿ ಎಮ್ಮಿಲೂ ಹ್ಯಾರಿಸ್ ಮುಖ್ಯರು. ಆದ್ದರಿಂದ ಈ ಬರಹ ಅವರ ದಾರಿಯನ್ನೇ ಆಧಾರವಾಗಿ ಇಟ್ಟುಕೊಂಡಿದೆ.

1947ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಹ್ಯಾರಿಸ್ ಅವರ ಮೊದಲ ಆಲ್ಬಮ್ ಸೋತಿತ್ತು, ಅದನ್ನು ಹೊರತಂದ ಕಂಪನಿಯೂ ಮುಳುಗಿತ್ತು. ಪುಟ್ಟ ಮಗಳೊಡನೆ ತಂದೆತಾಯಿಯ ಬಳಿಗೆ ಹಿಂತಿರುಗಿ, ವಾಷಿಂಗ್ಟನ್ನಿನ ಸಣ್ಣ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಅವರನ್ನು 1971ರಲ್ಲಿ ಗಾಯಕ ಗ್ರಾಮ್ ಪಾರ್ಸನ್ಸ್ ಗುರುತಿಸಿ, ತಮ್ಮ ಜೊತೆದನಿಯಾಗಿ ಕರೆದುಕೊಂಡರು. ಲೂವಿನ್ ಸಹೋದರರಂಥ ಹಳೆಯ ಜೋಡಿಗಳ ಹಾಡುಗಾರಿಕೆಯ ರುಚಿಯನ್ನು ಅವರಿಗೆ ಹತ್ತಿಸಿದವರೂ ಪಾರ್ಸನ್ಸ್ ಅವರೇ. 1973ರ ಸೆಪ್ಟೆಂಬರಿನಲ್ಲಿ, ಕೇವಲ 26ರ ವಯಸ್ಸಿನಲ್ಲಿ ಪಾರ್ಸನ್ಸ್ ತೀರಿಕೊಂಡರು. ಎರಡು ವರ್ಷಗಳ ಬಳಿಕ ಹ್ಯಾರಿಸ್ ಹಾಡಿದ ಲೂವಿನ್ ಸಹೋದರರ ಒಂದು ಹಾಡು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು.

ಹೀಗಾಗಿ ಮೊದಲ ಕೆಲಸ ಹಾಡಿಸುವುದಲ್ಲ, ಕೇಳಿಸುವುದು. ಜೋಡಿದನಿಯ ಒಂದು ಹಳೆಯ ಧ್ವನಿಮುದ್ರಣವನ್ನು ಆರಿಸಿ, ಮೊದಲು ಮುಖ್ಯ ದನಿಯನ್ನು, ಆಮೇಲೆ ಎರಡನೆಯ ದನಿಯನ್ನು ಮಾತ್ರ ಕಲಿಯಲು ಹೇಳಬೇಕು. ಬಳಿಕ ನೀವು ಮುಖ್ಯ ದನಿಯನ್ನು ಹಿಡಿದು, ಎರಡನೆಯದನ್ನು ಅವರಿಗೆ ಬಿಡಬೇಕು. ಈ ಹಂತದಲ್ಲಿ ಹೆಚ್ಚಿನವರು ಶ್ರುತಿಯನ್ನಷ್ಟೇ ತಿದ್ದುತ್ತಾರೆ. ಆದರೆ ಜೋಡಿ ಹಾಡುಗಾರಿಕೆ ಕೆಡುವುದು ಬಹುತೇಕ ಸಾಲಿನ ಕೊನೆಯಲ್ಲಿ: ಒಬ್ಬರು ಪದವನ್ನು ಮುಗಿಸಿ ಉಸಿರೆಳೆದುಕೊಂಡ ಮೇಲೂ ಇನ್ನೊಬ್ಬರು ಅದನ್ನು ಎಳೆಯುತ್ತಿರುತ್ತಾರೆ. ಉಸಿರು ಎಲ್ಲಿ, ಪದದ ಕೊನೆ ಎಲ್ಲಿ ಎಂಬುದನ್ನು ಮೊದಲು ಸರಿಪಡಿಸಿದರೆ ಉಳಿದ ಕೆಲಸ ಹಗುರವಾಗುತ್ತದೆ.

ಯಾರನ್ನು ಆರಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಿಮ್ಮಂತೆ ಹಾಡುವವರನ್ನಲ್ಲ, ನಿಮ್ಮಲ್ಲಿ ಇಲ್ಲದ್ದನ್ನು ತರಬಲ್ಲವರನ್ನು. ಹ್ಯೂಸ್ಟನ್ನಿನ ರಾಡ್ನಿ ಕ್ರೋವೆಲ್ ಎಂಬ ತರುಣ ಹ್ಯಾರಿಸ್ ಅವರಿಗೆ ಮೊದಲು ಪರಿಚಯವಾದದ್ದು ಅವರ ಹಾಡುಗಳ ಮೂಲಕ. ಹ್ಯಾರಿಸ್ ತಮ್ಮ 1975ರ ಆಲ್ಬಮ್ಮನ್ನು ಕ್ರೋವೆಲ್ ಬರೆದ ಹಾಡಿನಿಂದಲೇ ಆರಂಭಿಸಿದರು ಮತ್ತು ಅವರನ್ನು ಹಾಟ್ ಬ್ಯಾಂಡ್ ಎಂಬ ತಮ್ಮ ತಂಡಕ್ಕೆ ಗಿಟಾರ್ ವಾದಕರಾಗಿಯೂ ಜೊತೆದನಿಯಾಗಿಯೂ ಸೇರಿಸಿಕೊಂಡರು. ಎಲ್ವಿಸ್ ಪ್ರೀಸ್ಲಿ ಅವರಿಗೆ ನುಡಿಸುತ್ತಿದ್ದ ಜೇಮ್ಸ್ ಬರ್ಟನ್ ಮತ್ತು ಗ್ಲೆನ್ ಡಿ. ಹಾರ್ಡಿನ್ ಆ ತಂಡದಲ್ಲಿದ್ದರು. ಹೊಸಬರನ್ನು ಹೊಸಬರ ನಡುವೆಯೇ ಇಟ್ಟರೆ ಅವರು ಪರಸ್ಪರರ ತಪ್ಪುಗಳನ್ನು ಕಲಿಯುತ್ತಾರೆ. ಪಳಗಿದ ನಾಲ್ವರ ನಡುವೆ ಒಬ್ಬರನ್ನು ಕೂರಿಸಿದರೆ ತಾಳ, ಶಿಸ್ತು, ಯಾವಾಗ ನುಡಿಸದೆ ಸುಮ್ಮನಿರಬೇಕು ಎಂಬ ವಿವೇಕ ಎಲ್ಲವೂ ಹೇಳಿಕೊಡದೆಯೇ ಬರುತ್ತವೆ. ನಮ್ಮ ಹಿಂದುಸ್ತಾನಿ ಕಛೇರಿಗಳಲ್ಲಿ ಶಿಷ್ಯರು ಗುರುವಿನ ಹಿಂದೆ ತಂಬೂರಿ ಹಿಡಿದು ಕೂತು ದನಿಗೂಡಿಸುವುದೂ ಇದೇ ಕಾರಣಕ್ಕೆ. ಆದರೆ ಕಂಟ್ರಿ ತಂಡದಲ್ಲಿ ಹಾಗೆ ನಿಂತವರು ಕೆಲಸಗಾರರು, ಅವರಿಗೆ ಕೂಲಿ ಸಲ್ಲಬೇಕು. ಕಲಿಸುತ್ತಿದ್ದೇವೆ ಎಂಬ ನೆಪದಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಸಲ್ಲದು.

ಇದಕ್ಕಿಂತ ದೊಡ್ಡ ನೆರವು ಅವರ ಹಾಡನ್ನು ನೀವು ಹಾಡುವುದು. ಟೌನ್ಸ್ ವ್ಯಾನ್ ಝಾಂಟ್ ಬರೆದ 'ಪಾಂಚೋ ಅಂಡ್ ಲೆಫ್ಟಿ'ಯನ್ನು ಹ್ಯಾರಿಸ್ 1970ರ ದಶಕದಲ್ಲಿ ಹಾಡಿದರು. 1983ರಲ್ಲಿ ವಿಲ್ಲಿ ನೆಲ್ಸನ್ ಮತ್ತು ಮೆರ್ಲ್ ಹ್ಯಾಗರ್ಡ್ ಅದನ್ನೇ ಹಾಡಿದಾಗ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಹಾಡು ಹೀಗೆ ಕೈಯಿಂದ ಕೈಗೆ ದಾಟಬೇಕಾದರೆ ಬರೆದವರ ಹೆಸರು ಜೊತೆಯಲ್ಲೇ ದಾಟಬೇಕು. ಆದ್ದರಿಂದ ವೇದಿಕೆಯಲ್ಲಿ ಹಾಡಿಗೆ ಮುಂಚೆಯೇ ಹೆಸರು ಹೇಳಬೇಕು, ಏಕೆಂದರೆ ಚಪ್ಪಾಳೆಯ ಸದ್ದಿನಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಹಣ ಮತ್ತು ಹಕ್ಕಿನ ಮಾತನ್ನು ಮುಜುಗರದಿಂದ ಮುಂದೂಡಬಾರದು. ಅಮೆರಿಕದಲ್ಲಿ ಹಾಡಿನ ಗಳಿಕೆ ಸಾಂಪ್ರದಾಯಿಕವಾಗಿ ಬರೆದವರ ಅರ್ಧ ಮತ್ತು ಹಾಡಿನ ಹಕ್ಕನ್ನು ನೋಡಿಕೊಳ್ಳುವ ಪ್ರಕಾಶಕರ ಅರ್ಧ ಎಂದು ಹಂಚಿಕೆಯಾಗುತ್ತದೆ. ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಅವರ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡನ್ನು ಎಲ್ವಿಸ್ ಹಾಡಬೇಕೆಂದಿದ್ದಾಗ, ಎಲ್ವಿಸ್ ಅವರ ಮ್ಯಾನೇಜರ್ ಪ್ರಕಾಶನ ಹಕ್ಕಿನ ಅರ್ಧವನ್ನು ಕೇಳಿದರು. ಪಾರ್ಟನ್ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿ, ಹಾಡು ಭಾರಿ ಗಳಿಕೆ ತಂದಾಗ ಆ ನಿರಾಕರಣೆಯ ಬೆಲೆ ಎಲ್ಲರಿಗೂ ತಿಳಿಯಿತು. ಶಿಷ್ಯರ ಹಾಡನ್ನು ನೀವು ಹಾಡುತ್ತೀರಿ ಎಂಬ ಕಾರಣಕ್ಕೆ ಅದರಲ್ಲಿ ಪಾಲು ಕೇಳಬೇಡಿ. ಕೂಡಿ ಬರೆದಿದ್ದರೆ, ಯಾರ ಪಾಲು ಎಷ್ಟು ಎಂಬುದನ್ನು ಹಾಡು ಮುಗಿದ ದಿನವೇ ಬರೆದಿಟ್ಟು ಇಬ್ಬರೂ ಸಹಿ ಹಾಕಬೇಕು. ಕೋಣೆಯಲ್ಲಿದ್ದವರೆಲ್ಲ ಸಮನಾಗಿ ಹಂಚಿಕೊಳ್ಳುವ, ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ಲಿನ ರೂಢಿ ಜಗಳ ತಪ್ಪಿಸುವುದಕ್ಕೆ ಒಳ್ಳೆಯದು.

ವೇದಿಕೆಯ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ನ್ಯಾಶ್‌ವಿಲ್ಲಿನಲ್ಲಿ 1982ರಲ್ಲಿ ತೆರೆದ ಬ್ಲೂಬರ್ಡ್ ಕೆಫೆಯಲ್ಲಿ ಹಾಡು ಬರೆಯುವವರು ಕೋಣೆಯ ನಡುವೆ ವೃತ್ತಾಕಾರದಲ್ಲಿ ಕೂತು ಸರದಿಯಂತೆ ಹಾಡುತ್ತಾರೆ, ಕೇಳುಗರು ಮಾತನಾಡುವಂತಿಲ್ಲ. ಹೊಸಬರಿಗೆ ಸಾವಿರ ಜನರ ಗದ್ದಲಕ್ಕಿಂತ ಇಂಥ ಸಣ್ಣ, ಕಿವಿಗೊಡುವ ಜಾಗ ಮೊದಲು ಸಿಗಬೇಕು.

ಕಠಿಣವಾದದ್ದು ಬೀಳ್ಕೊಡುವುದು. ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ 1967ರಲ್ಲಿ ತಮ್ಮ ಟಿವಿ ಕಾರ್ಯಕ್ರಮಕ್ಕೆ ಡಾಲಿ ಪಾರ್ಟನ್ ಅವರನ್ನು ಕರೆತಂದು ದೇಶಕ್ಕೆಲ್ಲ ಪರಿಚಯಿಸಿದರು. ಆದರೆ 1974ರಲ್ಲಿ ಪಾರ್ಟನ್ ಹೊರಟದ್ದನ್ನು ಸಹಿಸಲಾಗದೆ ಮುಂದೆ ಮೊಕದ್ದಮೆ ಹೂಡಿದರು. ಆ ವಿದಾಯಕ್ಕಾಗಿಯೇ ಪಾರ್ಟನ್ ಬರೆದದ್ದು ಮೇಲೆ ಹೇಳಿದ ಹಾಡು. ಇಂಥ ಸ್ಥಿತಿ ಬಾರದಿರಲು, ಸೇರಿಸಿಕೊಳ್ಳುವಾಗಲೇ ಎಷ್ಟು ಕಾಲದ ಕೆಲಸ, ಎಷ್ಟು ಮುಂಚೆ ತಿಳಿಸಿ ಹೊರಡಬಹುದು, ಜೊತೆಯಾಗಿ ಮುದ್ರಿಸಿದ ಹಾಡುಗಳ ಹಣ ಹೇಗೆ ಬರುತ್ತದೆ ಎಂಬುದನ್ನು ಬರೆದುಕೊಳ್ಳಬೇಕು.

ಕ್ರೋವೆಲ್ ಹಾಟ್ ಬ್ಯಾಂಡ್ ಬಿಟ್ಟು ಹೋಗಿ, 1988ರ ಒಂದೇ ಆಲ್ಬಮ್ಮಿನಿಂದ ಐದು ಹಾಡುಗಳನ್ನು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ತಂದರು. 2013ರಲ್ಲಿ ಹ್ಯಾರಿಸ್ ಜೊತೆಗೆ ಸಮಾನ ಹೆಸರಿನಲ್ಲಿ ಮತ್ತೆ ಆಲ್ಬಮ್ ಮಾಡಿದರು. ಹಾಟ್ ಬ್ಯಾಂಡಿನಲ್ಲಿ ಅವರು ಬಿಟ್ಟ ಜಾಗಕ್ಕೆ ಹ್ಯಾರಿಸ್ ಇನ್ನೊಬ್ಬ ಕ್ರೋವೆಲ್‌ನನ್ನು ಹುಡುಕಲಿಲ್ಲ. ಕೆಂಟಕಿಯ ಬ್ಲೂಗ್ರಾಸ್ (ತಂತಿವಾದ್ಯಗಳ, ಹಳೆಯ ಶೈಲಿಯ ಕಂಟ್ರಿ ಸಂಗೀತ) ಪರಂಪರೆಯಲ್ಲಿ ಬೆಳೆದ ರಿಕಿ ಸ್ಕ್ಯಾಗ್ಸ್ ಅವರನ್ನು ತಂದು, 1980ರಲ್ಲಿ ಅವರ ದಾರಿಯಲ್ಲೇ ಒಂದು ಬ್ಲೂಗ್ರಾಸ್ ಆಲ್ಬಮ್ ಮಾಡಿದರು. ಹೀಗೆ ಹೊಸಬರಿಂದ ಹಿರಿಯರ ಸಂಗೀತವೂ ದಿಕ್ಕು ಬದಲಿಸಿತು. ಸ್ಕ್ಯಾಗ್ಸ್ ಕೂಡ ಹೊರಟು ತಮ್ಮದೇ ತಂಡ ಕಟ್ಟಿಕೊಂಡರು, 1985ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವರಿಗೆ ವರ್ಷದ ಕಲಾವಿದ ಪ್ರಶಸ್ತಿಯನ್ನು ಕೊಟ್ಟಿತು.